ಎರಡನೆಯವನ ಧರ್ಮ

ಮೊದಲನೆಯವನ ಧರ್ಮವನ್ನು ಕುರಿತು ನಮ್ಮ ನೀತಿಗ್ರಂಥಗಳು ಸಾಕಷ್ಟು ಹೇಳಿವೆ. ರಾಜನ ಧರ್ಮ, ಗುರುವಿನ ಧರ್ಮ, ಮನೆಯ ಯಜಮಾನನ ಧರ್ಮ, ಇವಕ್ಕೆಲ್ಲ ಅಧ್ಯಾಯಗಳೇ ಉಂಟು. ಮೊದಲನೆಯವನ ಬೆನ್ನಿಗೆ ನಿಂತು, ಅವನಿಗೆ ಏನಾದರೂ ಆದಲ್ಲಿ ಕಾರ್ಯ ನಿಲ್ಲದಂತೆ ನೋಡಿಕೊಳ್ಳಲೆಂದೇ ಇರುವ ಎರಡನೆಯವನ ಧರ್ಮ ಯಾವುದು? ಅವನು ಯಾವಾಗ ಮುಂದೆ ಬರಬೇಕು, ಯಾವಾಗ ಬರಬಾರದು? ಕರೆ ಒಮ್ಮೆಯೂ ಬಾರದೆ ಹೋದರೆ ಅವನ ಕಾಯುವಿಕೆಗೆ ಬೆಲೆಯುಂಟೆ? ಈ ಪ್ರಶ್ನೆಗಳನ್ನು ನಮ್ಮ ಕಾಲದಲ್ಲಿ ಬಹು ಶಿಸ್ತಿನಿಂದ ಕೇಳಿಕೊಂಡವರು ದೂರಸಂಪರ್ಕದ ಎಂಜಿನಿಯರುಗಳು ಎಂದರೆ ಸಾಹಿತ್ಯ ಸಮ್ಮೇಳನದ ಸಂಚಿಕೆಯನ್ನು ಕೈಗೆತ್ತಿಕೊಂಡವರು ಹುಬ್ಬೇರಿಸಬಹುದು. ಆದರೂ ಮಾತು ನಿಜ. ಯಂತ್ರಕ್ಕೆ ಸಂಕೋಚವಿಲ್ಲ, ಅಭಿಮಾನವಿಲ್ಲ. ಆದ್ದರಿಂದ ಯಂತ್ರದ ವಿಷಯದಲ್ಲಿ ಈ ಪ್ರಶ್ನೆಯನ್ನು ಮುಚ್ಚುಮರೆಯಿಲ್ಲದೆ ಕೇಳಲೇಬೇಕಾಗುತ್ತದೆ. ಅವರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ನಮ್ಮಂಥ ಗಡಿನಾಡಿನವರು ಕುಳಿತು ಯೋಚಿಸಬೇಕಾದವು.

ಕಾಸರಗೋಡಿನ ಒಂದು ಮನೆಯಿಂದ ದುಬಾಯಿಯಲ್ಲಿರುವ ಮಗನಿಗೆ ತಾಯಿ ಒಂದು ಚಿತ್ರವನ್ನು ಕಳುಹಿಸುತ್ತಾರೆಂದು ಇಟ್ಟುಕೊಳ್ಳೋಣ. ಆ ಚಿತ್ರ ಸಾವಿರಾರು ಚಿಕ್ಕ ತುಣುಕುಗಳಾಗಿ ಒಡೆದು, ಹಲವು ಕವಲುದಾರಿಗಳನ್ನು ದಾಟಿ ಅಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಪ್ರತಿ ಕವಲಿನಲ್ಲೂ ನಿಂತು, ಈ ತುಣುಕು ಯಾವ ದಾರಿ ಹಿಡಿಯಬೇಕೆಂದು ನಿರ್ಣಯಿಸುವ ಯಂತ್ರವೇ ರೌಟರ್. ದೊಡ್ಡ ರೌಟರಿನ ಒಳಗೆ ಎರಡು ಬಗೆಯ ಕೆಲಸ ನಡೆಯುತ್ತದೆ. ಬಂದದ್ದನ್ನು ಪಟ್ಟಿ ನೋಡಿ ಕ್ಷಣಮಾತ್ರದಲ್ಲಿ ಆಚೆಗೆ ದಾಟಿಸುವುದು ಒಂದು. ನೆರೆಯ ರೌಟರುಗಳೊಡನೆ ಸದಾ ಮಾತನಾಡುತ್ತ, ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ತಿಳಿದು ಆ ಪಟ್ಟಿಯನ್ನೇ ಬರೆಯುವುದು ಇನ್ನೊಂದು. ಅಂಚೆ ಕಚೇರಿಯ ಹೋಲಿಕೆಯಲ್ಲಿ ಹೇಳುವುದಾದರೆ ಮೊದಲನೆಯದು ಕಾಗದಗಳನ್ನು ವಿಂಗಡಿಸುವ ಕೈ, ಎರಡನೆಯದು ಯಾವ ಊರಿಗೆ ಯಾವ ಬಸ್ಸು ಎಂಬುದನ್ನು ಬಲ್ಲ ತಲೆ. ಈ ತಲೆಯ ಕೆಲಸ ಮಾಡುವ ಫಲಕಕ್ಕೆ ನಿಯಂತ್ರಣ ಘಟಕವೆಂದು ಹೆಸರು. ಅದು ಕೆಟ್ಟರೆ ಕೈಗಳು ಹಳೆಯ ಪಟ್ಟಿಯನ್ನೇ ಹಿಡಿದುಕೊಂಡು ಸ್ವಲ್ಪ ಹೊತ್ತು ದುಡಿಯಬಹುದು. ಹೊರಗೆ ದಾರಿಗಳು ಬದಲಾಗುತ್ತ ಹೋದಂತೆ ಆ ಪಟ್ಟಿ ಸುಳ್ಳಾಗುತ್ತ ಬರುತ್ತದೆ. ಅದಕ್ಕಾಗಿಯೇ ದೊಡ್ಡ ರೌಟರುಗಳಲ್ಲಿ ನಿಯಂತ್ರಣ ಘಟಕಗಳು ಎರಡು. ಒಂದು ಸಕ್ರಿಯ, ಇನ್ನೊಂದು ಸನ್ನದ್ಧ.

ಜೋಡಿ ತಲೆಯ ಈ ಯೋಚನೆ ಇಂಟರ್‌ನೆಟ್ಟಿಗಿಂತ ಹಳೆಯದು. 1965ರಲ್ಲಿ ಅಮೆರಿಕೆಯ ನ್ಯೂಜೆರ್ಸಿಯ ಸಕಸನ್ನಾ ಎಂಬಲ್ಲಿ ಬೆಲ್ ಸಂಸ್ಥೆಯವರು ಸ್ಥಾಪಿಸಿದ ಎಲೆಕ್ಟ್ರಾನಿಕ್ ದೂರವಾಣಿ ವಿನಿಮಯ ಕೇಂದ್ರದಲ್ಲಿ ಎರಡು ಸಂಸ್ಕಾರಕಗಳು ಒಂದೇ ಲೆಕ್ಕವನ್ನು ಒಟ್ಟೊಟ್ಟಿಗೆ ಮಾಡುತ್ತ, ಉತ್ತರಗಳನ್ನು ತಾಳೆ ನೋಡುತ್ತಿದ್ದವು. ನಲವತ್ತು ವರ್ಷಗಳಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಕೇಂದ್ರ ನಿಲ್ಲಬಾರದೆಂಬುದು ಅವರ ಗುರಿ. ನಮ್ಮ ದೇಶದಲ್ಲಿ 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯ ದೊಡ್ಡ ವಿನಿಮಯ ಕೇಂದ್ರಗಳಲ್ಲೂ ನಿಯಂತ್ರಣದ ಭಾಗ ಜೋಡಿಯಾಗಿಯೇ ಇರುತ್ತಿತ್ತು. ಆ ಸಂಸ್ಥೆಯ ಗ್ರಾಮೀಣ ವಿನಿಮಯ ಕೇಂದ್ರ ಮೊದಲು ನೆಲೆಗೊಂಡದ್ದು 1986ರಲ್ಲಿ, ನಮ್ಮ ಚೆನ್ನಮ್ಮನ ಕಿತ್ತೂರಿನಲ್ಲಿ, ಎಂಬುದನ್ನು ಪ್ರಸಂಗವಶಾತ್ ಇಲ್ಲಿ ನೆನೆಯಬಹುದು.

ಸನ್ನದ್ಧತೆಯಲ್ಲೂ ತರತಮಗಳಿವೆ. ಎರಡನೆಯ ಫಲಕವನ್ನು ಜಾಗದಲ್ಲಿ ಕೂಡಿಸಿ, ವಿದ್ಯುತ್ತನ್ನೂ ಕೊಟ್ಟು, ಏನನ್ನೂ ತಿಳಿಸದೆ ಇಡುವುದು ಒಂದು ಕ್ರಮ. ಮೊದಲನೆಯದು ಬಿದ್ದಾಗ ಇದು ಕಣ್ಣುಜ್ಜಿಕೊಂಡು ಏಳಬೇಕು, ತನ್ನ ಕಾರ್ಯಸೂಚಿಯನ್ನು ಮೊದಲಿನಿಂದ ಓದಬೇಕು, ನೆರೆಯವರನ್ನೆಲ್ಲ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕು. ಅಷ್ಟರಲ್ಲಿ ನಿಮಿಷಗಳು ಕಳೆದಿರುತ್ತವೆ. ಎಂಜಿನಿಯರುಗಳು ಇದನ್ನು ಕೋಲ್ಡ್ ಸ್ಟ್ಯಾಂಡ್‌ಬೈ ಎನ್ನುತ್ತಾರೆ. ಇನ್ನೊಂದು ಕ್ರಮದಲ್ಲಿ ಸಕ್ರಿಯ ಘಟಕವು ತಾನು ಕಲಿತ ಪ್ರತಿಯೊಂದು ಹೊಸ ಸಂಗತಿಯನ್ನೂ ಆಗಿಂದಾಗಲೇ ಜೊತೆಯವನಿಗೆ ತಿಳಿಸುತ್ತಿರುತ್ತದೆ. ಅದು ಹಾಟ್ ಸ್ಟ್ಯಾಂಡ್‌ಬೈ. ಕೆಲವು ರೌಟರುಗಳಲ್ಲಿ ಇದನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದಿದ್ದಾರೆ. ನೆರೆಯವನಿಂದ ಒಂದು ಸುದ್ದಿ ಬಂದರೆ, ಅದು ಸನ್ನದ್ಧ ಘಟಕಕ್ಕೂ ತಲುಪಿದೆಯೆಂದು ಖಾತ್ರಿಯಾಗುವವರೆಗೆ ‘ನಿಮ್ಮ ಸುದ್ದಿ ಮುಟ್ಟಿತು’ ಎಂಬ ಉತ್ತರವನ್ನೇ ಕಳುಹಿಸುವುದಿಲ್ಲ. ಎರಡನೆಯವನಿಗೆ ಮುಟ್ಟದ್ದು ಮೊದಲನೆಯವನಿಗೂ ಮುಟ್ಟಿದಂತಲ್ಲ! ಈ ಒಂದು ನಿಯಮವನ್ನು ನಮ್ಮ ಹಿರಿಯರೂ ಪಾಲಿಸಿದ್ದರೆ, ನಾವೂ ಪಾಲಿಸುತ್ತಿದ್ದರೆ, ಎಷ್ಟು ಹಸ್ತಪ್ರತಿಗಳ ಓದು, ಎಷ್ಟು ಪಾಡ್ದನಗಳು, ಎಷ್ಟು ಮನೆಮದ್ದುಗಳು ಉಳಿಯುತ್ತಿದ್ದವೋ ಎಂದು ಅನಿಸದಿರದು.

ಗಡಿನಾಡಿನ ಕನ್ನಡದ ಸಂಕಟವನ್ನು ಈ ತರತಮದ ಬೆಳಕಿನಲ್ಲಿ ನೋಡಬಹುದು. ನಮ್ಮ ಮನೆಗಳಲ್ಲಿ ಕನ್ನಡ ಅರ್ಥವಾಗುವ, ಮಾತನಾಡಲೂ ಬರುವ, ಓದಲು ಮಾತ್ರ ಬಾರದ ಮಕ್ಕಳು ಬೆಳೆಯುತ್ತಿದ್ದಾರೆ. ಅವರನ್ನು ಕನ್ನಡಿಗರಲ್ಲವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಜಾಗದಲ್ಲಿ ಅವರಿದ್ದಾರೆ, ದೀಪವೂ ಉರಿಯುತ್ತಿದೆ. ನಾವು ಅವರಿಗೆ ಪಟ್ಟಿಯನ್ನು ಒಪ್ಪಿಸಿಲ್ಲ ಅಷ್ಟೆ. ಅಜ್ಜಿ ತೀರಿಕೊಂಡ ಮೇಲೆ ಅಟ್ಟದಲ್ಲಿ ಸಿಕ್ಕ ಪತ್ರಗಳ ಕಟ್ಟನ್ನು ಮೊಮ್ಮಗಳು ಕೈಯಲ್ಲಿ ಹಿಡಿದು ನಿಲ್ಲುವಾಗ, ಕಲಿಕೆಯನ್ನು ಆಗ ಆರಂಭಿಸುವುದು ಅಸಾಧ್ಯವೇನಲ್ಲ. ಆದರೆ ಕೇಳಬೇಕಾದವರು ಆಗ ಇರುವುದಿಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡವರಿಯದ ಅಧ್ಯಾಪಕರ ನೇಮಕವಾಗಿ, ಮಕ್ಕಳೂ ಹೆತ್ತವರೂ ಪ್ರತಿಭಟನೆಗೆ ಕೂತ ಪ್ರಸಂಗಗಳು ಈ ಜಿಲ್ಲೆಗೆ ಹೊಸತಲ್ಲ. ಅಲ್ಲಿಯೂ ಹುದ್ದೆ ಭರ್ತಿಯಾಗಿರುತ್ತದೆ. ಕಡತದ ಪ್ರಕಾರ ಯಾವ ಕೊರತೆಯೂ ಇಲ್ಲ. ಖಾಲಿ ಜಾಗವನ್ನು ತುಂಬುವುದು ಬೇರೆ, ನಿಂತುಹೋದ ಕೆಲಸವನ್ನು ಮುಂದುವರಿಸುವುದು ಬೇರೆ ಎಂಬುದನ್ನು ಕಡತಗಳು ಬಲ್ಲವಲ್ಲ.

ಇನ್ನು ಕಠಿಣವಾದ ಪ್ರಶ್ನೆಗೆ ಬರೋಣ. ಮೊದಲನೆಯವನು ಬಿದ್ದನೆಂದು ಎರಡನೆಯವನಿಗೆ ತಿಳಿಯುವುದು ಹೇಗೆ?

ಯಂತ್ರಗಳಲ್ಲಿ ಇದಕ್ಕೊಂದು ಏರ್ಪಾಡಿದೆ. ಸಕ್ರಿಯವಾಗಿರುವವನು ನಿಯತಕಾಲಕ್ಕೊಮ್ಮೆ ‘ಇದ್ದೇನೆ’ ಎಂಬ ಸಣ್ಣ ಸಂದೇಶವನ್ನು ಕಳುಹಿಸುತ್ತಿರಬೇಕು. ಇದಕ್ಕೆ ಹೃದಯಬಡಿತವೆಂದೇ ಹೆಸರು. ಎರಡು ರೌಟರುಗಳು ಜೋಡಿಯಾಗಿ ನಿಲ್ಲುವ ಒಂದು ಪ್ರಸಿದ್ಧ ಪದ್ಧತಿಯಲ್ಲಿ ಮೂರು ಸೆಕೆಂಡಿಗೊಮ್ಮೆ ಈ ಮಿಡಿತ, ಹತ್ತು ಸೆಕೆಂಡು ಕೇಳಿಸದಿದ್ದರೆ ಎರಡನೆಯವನು ಮುಂದೆ ಬರುತ್ತಾನೆ. ದೇಶದೇಶಗಳ ಜಾಲಗಳನ್ನು ಬೆಸೆಯುವ ಬಿಜಿಪಿ ಎಂಬ ನಿಯಮಾವಳಿಯಲ್ಲಿ ಸೂಚಿತವಾದ ತಾಳ್ಮೆಯ ಅವಧಿ 90 ಸೆಕೆಂಡು, ಮಿಡಿತ ಅದರ ಮೂರನೆಯ ಒಂದು ಪಾಲಿಗೊಮ್ಮೆ. ಒಮ್ಮೆ ಕೇಳಿಸದಿದ್ದರೆ ಗಾಬರಿಯಾಗಬೇಡ, ಮೂರು ಸಲ ಕೇಳಿಸದಿದ್ದರೆ ನಿರ್ಧರಿಸು ಎಂಬುದು ಸ್ಥೂಲವಾದ ಬಾಳ್ವೆಯ ಸೂತ್ರ.

ಆದರೆ ಮೌನವೆಂದರೆ ಮರಣವೆ? ಮಾತನಾಡುವವನು ಬದುಕಿದ್ದು, ನಡುವಿನ ತಂತಿಯಷ್ಟೇ ಕಡಿದಿರಬಹುದು. ಅವನು ಕೆಲಸದ ಭಾರದಿಂದ ನಿಧಾನವಾಗಿರಬಹುದು. 1985ರಲ್ಲಿ ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ ಎಂಬ ಮೂವರು ವಿದ್ವಾಂಸರು ಗಣಿತದ ಮೂಲಕ ಸಾಧಿಸಿ ತೋರಿಸಿದ ಸಂಗತಿ ಇಲ್ಲಿಗೆ ಸಲ್ಲುತ್ತದೆ. ಸಂದೇಶವೊಂದು ತಲುಪಲು ಇಂತಿಷ್ಟೇ ಕಾಲವೆಂಬ ಮಿತಿ ಇಲ್ಲದ ಕಡೆ, ಒಬ್ಬನೇ ಒಬ್ಬ ಬೀಳುವ ಸಾಧ್ಯತೆಯಿದ್ದರೂ ಸಾಕು, ಎಲ್ಲರೂ ತಪ್ಪದೆ ಒಮ್ಮತಕ್ಕೆ ಬರುವ ಖಚಿತ ವಿಧಾನ ಯಾವುದೂ ಇರಲಾರದು. ಅದರ ಬೇರು ಇಷ್ಟೆ. ಸತ್ತವನಿಗೂ ನಿಧಾನವಾದವನಿಗೂ ಇರುವ ಭೇದ ದೂರದಿಂದ ಕಾಣದು.

ನಮ್ಮ ದರ್ಶನಕಾರರಿಗೆ ಈ ತೊಡಕು ಅಪರಿಚಿತವಲ್ಲ. ಕುಮಾರಿಲಭಟ್ಟನ ಪರಂಪರೆಯ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿಯನ್ನು ಒಂದು ಸ್ವತಂತ್ರ ಪ್ರಮಾಣವೆಂದು ಎಣಿಸಿದರು. ನೆಲದ ಮೇಲೆ ಗಡಿಗೆ ಕಾಣದಿರುವುದರಿಂದಲೇ ಗಡಿಗೆಯಿಲ್ಲವೆಂಬ ಜ್ಞಾನ ಉಂಟಾಗುತ್ತದೆ ಎಂಬುದು ಅವರ ವಾದ. ಪ್ರಾಭಾಕರರು ಒಪ್ಪಲಿಲ್ಲ, ನೈಯಾಯಿಕರೂ ಅದನ್ನು ಬೇರೆ ಪ್ರಮಾಣವೆಂದು ಗಣಿಸಲಿಲ್ಲ. ಆ ಜಗಳ ನಮಗಿಲ್ಲಿ ಬೇಡ. ಒಪ್ಪಿದವರು ಹಾಕಿದ ಒಂದು ಷರತ್ತು ಮಾತ್ರ ಬೇಕು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆ ಇರುವಲ್ಲಿ ಮಾತ್ರ ಕಾಣದಿರುವಿಕೆ ಪ್ರಮಾಣವಾಗುತ್ತದೆ. ಕತ್ತಲ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂದರೆ ಅಲ್ಲಿ ಗಡಿಗೆಯಿಲ್ಲವೆಂದು ಸಿದ್ಧವಾಗದು. ದೀಪ ಹಚ್ಚಿಕೊಂಡು ಹೇಳು, ಎಂದಂತೆ. ರೌಟರಿನೊಳಗೆ ಎರಡು ನಿಯಂತ್ರಣ ಘಟಕಗಳ ನಡುವೆ ಒಂದಕ್ಕಿಂತ ಹೆಚ್ಚು ಸಂಪರ್ಕಗಳನ್ನು ಎಳೆಯುವುದು ಈ ಯೋಗ್ಯತೆಯನ್ನು ಸಂಪಾದಿಸುವುದಕ್ಕಾಗಿಯೇ. ಎಲ್ಲ ದಾರಿಗಳೂ ಮೌನವಾದರೆ ಆ ಮೌನಕ್ಕೆ ಅರ್ಥವುಂಟು.

ಕುರುಕ್ಷೇತ್ರದಲ್ಲಿ ದ್ರೋಣರಿಗೆ ಆದದ್ದೇನು? ಅಶ್ವತ್ಥಾಮ ಸತ್ತನೆಂಬ ಕೂಗು ಕಿವಿಗೆ ಬಿತ್ತು. ಭೀಮನ ಮಾತನ್ನು ಅವರು ನಂಬಲಿಲ್ಲ. ಸುಳ್ಳಾಡದವನೆಂದು ಹೆಸರಾದ ಧರ್ಮರಾಯನನ್ನೇ ಕೇಳಿದರು. ಸತ್ತದ್ದು ಆನೆಯೆಂಬ ಭಾಗ ಶಂಖಧ್ವನಿಯಲ್ಲಿ ಮುಳುಗಿತೆಂದು ಕಥೆ ಹೇಳುವವರುಂಟು. ಸಾಕ್ಷಿ ಪ್ರಾಮಾಣಿಕನೆಂಬ ನಂಬಿಕೆಯಿತ್ತು, ದಾರಿ ಶುದ್ಧವಾಗಿರಲಿಲ್ಲ. ಮಗ ಬದುಕಿರುವಾಗಲೇ ತಂದೆ ಶಸ್ತ್ರ ಕೆಳಗಿಟ್ಟರು. ಗಡಿನಾಡಿನ ಕನ್ನಡ ಸತ್ತಿತು, ಇನ್ನು ಹತ್ತು ವರ್ಷ ಮಾತ್ರ ಎಂದು ಭಾಷಣಗಳಲ್ಲಿ ಕೇಳಿಬರುವ ಕೂಗಿಗೂ ಈ ಪರೀಕ್ಷೆಯನ್ನು ಒಡ್ಡಬೇಕೆಂದು ನಾವು ಭಾವಿಸುತ್ತೇವೆ. ರಾಜಧಾನಿಗೆ ನಮ್ಮ ದನಿ ಕೇಳಿಸದಿದ್ದರೆ ನಾವು ಮಾತು ನಿಲ್ಲಿಸಿದ್ದೇವೆಂದು ಅರ್ಥವಲ್ಲ.

ತಪ್ಪು ತಿಳಿವಳಿಕೆಯ ಫಲ ಎರಡು ಬಗೆ. ಮೊದಲನೆಯವನು ಸತ್ತಿದ್ದರೂ ಎರಡನೆಯವನು ಕಾಯುತ್ತಲೇ ಇದ್ದರೆ ಕೆಲಸ ನಿಲ್ಲುತ್ತದೆ. ಅವನು ಬದುಕಿರುವಾಗಲೇ ಇವನು ಮುಂದೆ ಬಂದರೆ ಒಂದೇ ವಿಳಾಸಕ್ಕೆ ಇಬ್ಬರು ಒಡೆಯರಾಗುತ್ತಾರೆ. ‘ನಾನೇ ಅವನು’ ಎಂದು ಇಬ್ಬರೂ ಸಾರುತ್ತಿರುವಾಗ ನೆರೆಯ ಯಂತ್ರಗಳು ಒಮ್ಮೆ ಇವನ ಕಡೆಗೂ ಒಮ್ಮೆ ಅವನ ಕಡೆಗೂ ತುಣುಕುಗಳನ್ನು ಕಳುಹಿಸಿ ಕಂಗಾಲಾಗುತ್ತವೆ. ಈ ಇಬ್ಬಗೆಯ ಸ್ಥಿತಿ ನಿಂತುಹೋಗುವುದಕ್ಕಿಂತಲೂ ಕೆಟ್ಟದ್ದೆಂಬುದು ಬಲ್ಲವರ ಮತ. ಒಂದೇ ಹೆಸರಿನ ಎರಡು ಸಂಘಗಳು, ಎರಡು ರಬ್ಬರು ಮೊಹರುಗಳು, ನವೆಂಬರ್ ಒಂದರಂದು ಅರ್ಧ ಮೈಲಿಯ ಅಂತರದಲ್ಲಿ ಎರಡು ರಾಜ್ಯೋತ್ಸವಗಳು, ಎರಡೂ ಕಡೆ ಅರ್ಧ ತುಂಬಿದ ಸಭಾಂಗಣ. ಇದನ್ನು ಈ ಸಂಚಿಕೆಯ ಓದುಗರಿಗೆ ನಾವು ಇದಕ್ಕಿಂತ ವಿಸ್ತಾರವಾಗಿ ಹೇಳಬೇಕಾಗಿಲ್ಲ.

ರೌಟರಿನೊಳಗೆ ಇದಕ್ಕೊಂದು ನಿರ್ದಾಕ್ಷಿಣ್ಯದ ಪರಿಹಾರವಿದೆ. ಒಡೆತನ ಯಾರದ್ದೆಂಬುದನ್ನು ಇಬ್ಬರ ಮಾತಿಗೆ ಬಿಡದೆ ಯಂತ್ರಾಂಶವೇ ಒಬ್ಬನಿಗೆ ಮಾತ್ರ ದಕ್ಕುವಂತೆ ಕಟ್ಟಿರುತ್ತಾರೆ. ಸನ್ನದ್ಧನು ಅಧಿಕಾರ ವಹಿಸಿದೊಡನೆ ಹಿಂದಿನವನು ಮೊದಲಿನಿಂದ ಪುನಃ ಆರಂಭಗೊಂಡು, ಈಗ ತಾನೇ ಸನ್ನದ್ಧನ ಸ್ಥಾನದಲ್ಲಿ ಬಂದು ಕೂರುತ್ತಾನೆ. ಮನುಷ್ಯರ ನಡುವೆ ಅಂಥ ಕಟ್ಟುನಿಟ್ಟು ಸಾಧ್ಯವೂ ಅಲ್ಲ, ಒಳಿತೂ ಅಲ್ಲ. ಆದರೆ ಗುಣವಾಗಿ ಮರಳಿದ ಮೊದಲನೆಯವನು ತನ್ನ ಪೀಠವನ್ನು ಮರಳಿ ಕೇಳಬಹುದೆ ಎಂಬ ಪ್ರಶ್ನೆ ನಮಗೂ ಇದೆ. ಯಂತ್ರಶಾಸ್ತ್ರದಲ್ಲಿ ಇಲ್ಲಿ ಎರಡು ಪಂಥಗಳು. ವಿಆರ್‌ಆರ್‌ಪಿ ಎಂಬ ನಿಯಮಾವಳಿಯಲ್ಲಿ ಹಿರಿತನವುಳ್ಳವನು ಮರಳಿದರೆ ಪೀಠ ಅವನದೇ ಎಂಬುದು ವಾಡಿಕೆ. ಅದರ ಸೋದರನಂತಿರುವ ಎಚ್‌ಎಸ್‌ಆರ್‌ಪಿಯಲ್ಲಿ, ಬೇರೆ ಆಜ್ಞೆಯಿಲ್ಲದಿದ್ದರೆ, ಈಗ ನಡೆಸುತ್ತಿರುವವನೇ ನಡೆಸಲಿ ಎಂಬುದು ವಾಡಿಕೆ. ಎರಡನೆಯದರ ಕಾರಣ ವಿವೇಕದ್ದು. ಕೈ ಬದಲಾಗುವ ಪ್ರತಿಸಲವೂ ಒಂದಿಷ್ಟು ಅಲುಗಾಟ ತಪ್ಪದು. ಈಗತಾನೇ ಎದ್ದವನು ಮತ್ತೆ ಬೀಳಲೂಬಹುದು.

ಭರತನ ಕಥೆ ಇವೆರಡರ ನಡುವೆ ನಿಲ್ಲುತ್ತದೆ. ಹದಿನಾಲ್ಕು ವರ್ಷ ನಂದಿಗ್ರಾಮದಲ್ಲಿದ್ದು, ಪಾದುಕೆಗಳನ್ನು ಪೀಠದ ಮೇಲಿಟ್ಟು ರಾಜ್ಯವನ್ನು ನಡೆಸಿದವನು ಅವನು. ಅದನ್ನು ತ್ಯಾಗವೆಂದು ಹೊಗಳಿ ಮುಗಿಸುವುದು ರೂಢಿ. ಅವನ ಆಡಳಿತವನ್ನು ನಾವು ಸಾಕಷ್ಟು ಗಮನಿಸಿಲ್ಲ. ಸನ್ನದ್ಧನಾದವನು ಕೆಲಸವನ್ನು ಪೂರ್ತಿಯಾಗಿ ಮಾಡಿದ, ಹೆಸರನ್ನು ಮಾತ್ರ ತನ್ನದೆನ್ನಲಿಲ್ಲ. ಅಯೋಧ್ಯೆಗೆ ಬರುವ ಪತ್ರಗಳ ವಿಳಾಸ ರಾಮನದಾಗಿಯೇ ಉಳಿಯಿತು, ಎಂದು ಇಂದಿನ ಮಾತಿನಲ್ಲಿ ಹೇಳಬಹುದು. ಇಬ್ಬಗೆಯಾಗುವ ಅಪಾಯ ಆ ಮನೆಯಲ್ಲಿ ಕೈಕೆಯ ವರದೊಡನೆಯೇ ಹುಟ್ಟಿತ್ತು. ಅದು ಬೆಳೆಯದಂತೆ ನೋಡಿಕೊಂಡದ್ದು ಎರಡನೆಯವನೇ ಹೊರತು ಮೊದಲನೆಯವನಲ್ಲ.

ಇಷ್ಟರಿಂದ ಎರಡನೆಯವನು ಮೊದಲನೆಯವನ ತದ್ರೂಪಾಗಿರಬೇಕೆಂದು ತೋರಬಹುದು. ಇಲ್ಲಿಯೇ ಎಡವುವ ಸ್ಥಳವಿರುವುದು. 1996ರ ಜೂನ್ 4ರಂದು ಯುರೋಪಿನ ಏರಿಯನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲಿ ಒಂದು ನಿಮಿಷವನ್ನೂ ಪೂರೈಸದೆ ಸಿಡಿಯಿತು. ದಿಕ್ಕನ್ನೂ ಚಲನೆಯನ್ನೂ ಅಳೆಯುವ ಘಟಕಗಳು ಅದರಲ್ಲಿ ಎರಡಿದ್ದವು, ಒಂದು ಸಕ್ರಿಯ, ಒಂದು ಸನ್ನದ್ಧ. ಎರಡರಲ್ಲೂ ಒಂದೇ ತಂತ್ರಾಂಶ. ಒಂದು ಸಂಖ್ಯೆ ಅದಕ್ಕೆ ಗೊತ್ತುಮಾಡಿದ ಜಾಗದಲ್ಲಿ ಹಿಡಿಸದಷ್ಟು ದೊಡ್ಡದಾದಾಗ ಸಕ್ರಿಯ ಘಟಕ ಕೈಚೆಲ್ಲಿತು. ಸನ್ನದ್ಧ ಘಟಕದ ಕಡೆ ತಿರುಗಿದರೆ ಅದು ಕ್ಷಣಾರ್ಧದ ಮೊದಲೇ ಅದೇ ಕಾರಣಕ್ಕೆ ಸತ್ತಿತ್ತು. 1990ರ ಜನವರಿ 15ರಂದು ಅಮೆರಿಕೆಯ ಎಟಿ ಅಂಡ್ ಟಿ ಸಂಸ್ಥೆಯ ದೂರದ ಕರೆಗಳ ಜಾಲ ಸುಮಾರು ಒಂಬತ್ತು ಗಂಟೆ ನರಳಿದ ಕಥೆಯೂ ಇದೇ ಜಾತಿಯದು. ನ್ಯೂಯಾರ್ಕಿನ ಒಂದು ಕೇಂದ್ರ ಸಣ್ಣ ತೊಂದರೆಯಿಂದ ತನ್ನನ್ನು ತಾನು ಸರಿಪಡಿಸಿಕೊಂಡು ‘ಮರಳಿ ಬಂದೆ’ ಎಂದಿತು. ಆ ಮರಳುವಿಕೆಯ ಸುದ್ದಿಯನ್ನು ಗುರುತು ಹಾಕಿಕೊಳ್ಳುತ್ತಿದ್ದ ನೆರೆಯ ಕೇಂದ್ರಕ್ಕೆ, ಆ ಗಳಿಗೆಯಲ್ಲೇ ಇನ್ನೊಂದು ಸಂದೇಶ ಬಂದು, ತಂತ್ರಾಂಶದ ಒಂದು ತಪ್ಪಿನಿಂದ ಅದೂ ಬಿತ್ತು. ಎದ್ದು ‘ಮರಳಿ ಬಂದೆ’ ಎಂದಿತು. ಅದರ ನೆರೆಯದು ಬಿತ್ತು. ಒಟ್ಟು 114 ಕೇಂದ್ರಗಳ ಆ ಜಾಲದಲ್ಲಿ ಈ ಬೀಳುವಿಕೆ ಒಂದರಿಂದೊಂದಕ್ಕೆ ಹರಡುತ್ತಲೇ ಹೋಯಿತು, ಏಕೆಂದರೆ ಎಲ್ಲಕ್ಕೂ ಕಲಿಸಿದ್ದು ಒಂದೇ ಪಾಠ.

ತದ್ರೂಪಿಯಾದ ಎರಡನೆಯವನು ಮೊದಲನೆಯವನ ದೇಹ ಸೋತಾಗ ಕಾಪಾಡುತ್ತಾನೆ, ಬುದ್ಧಿ ತಪ್ಪಿದಾಗ ಕಾಪಾಡಲಾರ. ಗುರುವಿನ ಕೆಮ್ಮನ್ನೂ ಕಲಿತ ಶಿಷ್ಯರನ್ನು ನಾವೆಲ್ಲ ಕಂಡಿದ್ದೇವೆ. ಹಾಗೆಂದು ಬೇರೆಯಾಗಿ ಯೋಚಿಸುವವನನ್ನು ಜೊತೆಗಿಟ್ಟುಕೊಳ್ಳುವುದು ಸುಖದ ಮಾತಲ್ಲ. ಅಮೆರಿಕೆಯ ಬಾಹ್ಯಾಕಾಶ ಷಟಲ್ ನೌಕೆಯಲ್ಲಿ ನಾಲ್ಕು ಕಂಪ್ಯೂಟರುಗಳು ಒಂದೇ ತಂತ್ರಾಂಶವನ್ನು ನಡೆಸುತ್ತಿದ್ದರೆ, ಐದನೆಯದು ಬೇರೆಯೇ ಜನ ಬೇರೆಯಾಗಿ ಬರೆದ ತಂತ್ರಾಂಶದೊಡನೆ ಕಾದಿರುತ್ತಿತ್ತು. 1981ರ ಏಪ್ರಿಲ್ 10ರಂದು ಮೊದಲ ಉಡಾವಣೆಯ ಹೊತ್ತಿಗೆ ಆ ಐದನೆಯದಕ್ಕೂ ಉಳಿದವಕ್ಕೂ ಕಾಲ ಹೊಂದಲಿಲ್ಲ. ಜಗತ್ತೇ ನೋಡುತ್ತಿದ್ದ ಉಡಾವಣೆಯನ್ನು ಎರಡು ದಿನ ಮುಂದೂಡಬೇಕಾಯಿತು. ಭಿನ್ನವಾಗಿರುವವನನ್ನು ಕಾಪಿಡುವ ಬೆಲೆ ಹೀಗೆ ಬಹಿರಂಗವಾಗಿಯೇ ತೆರಬೇಕಾಗುತ್ತದೆ. ಅನಂತರದ ಮೂವತ್ತು ವರ್ಷಗಳಲ್ಲಿ ಷಟಲ್ ನೌಕೆಗಳು ಒಟ್ಟು 135 ಸಲ ಹಾರಿದವು. ಆ ಐದನೆಯ ಕಂಪ್ಯೂಟರ್ ಹಾರಾಟದ ಹತೋಟಿಯನ್ನು ಒಮ್ಮೆಯೂ ವಹಿಸಿಕೊಳ್ಳಬೇಕಾಗಿ ಬರಲಿಲ್ಲ.

ಒಮ್ಮೆಯೂ! ಹಾಗಾದರೆ ಅದು ವ್ಯರ್ಥವಾಯಿತೆ? ಸನ್ನದ್ಧ ಘಟಕಕ್ಕೂ ಸಕ್ರಿಯ ಘಟಕದಷ್ಟೇ ಬೆಲೆ, ಅಷ್ಟೇ ವಿದ್ಯುತ್ತು. ಲೆಕ್ಕಪತ್ರ ನೋಡುವವರು ‘ದುಡಿಯದವನಿಗೇಕೆ ಅನ್ನ’ ಎಂದು ಕೇಳದೆ ಇರುವುದಿಲ್ಲ. ನಮ್ಮ ಉತ್ತರ ಹೀಗೆ. ಅಪಾಯದ ದಿನ ಮಾತ್ರ ಅವನು ದುಡಿಯುತ್ತಾನೆಂಬ ಎಣಿಕೆಯೇ ಸರಿಯಲ್ಲ. ಅವನಿದ್ದಾನೆಂಬ ಕಾರಣಕ್ಕೆ ಸಕ್ರಿಯನಾದವನನ್ನು ಬಿಡಿಸಿ ದುರಸ್ತಿ ಮಾಡಬಹುದು, ಅವನಿಗೆ ಹೊಸ ಪಾಠ ಕಲಿಸಬಹುದು, ಅವನು ಧೈರ್ಯವಾಗಿ ದುಡಿಯಬಹುದು. ಪ್ರತಿದಿನವೂ ಆ ಧೈರ್ಯವೇ ಅವನ ದುಡಿಮೆ. ಇದರ ಜೊತೆಗೆ ಇನ್ನೊಂದು ಮಾತನ್ನೂ ಸೇರಿಸದಿದ್ದರೆ ಸಮಾಧಾನ ಸುಳ್ಳಾದೀತು. ಪರೀಕ್ಷೆಗೊಳಗಾಗದ ಸನ್ನದ್ಧತೆ ಸನ್ನದ್ಧತೆಯಲ್ಲ, ನಂಬಿಕೆ ಮಾತ್ರ. ಒಳ್ಳೆಯ ಜಾಲಗಳಲ್ಲಿ ಸಂಚಾರ ವಿರಳವಾಗಿರುವ ಅಪರಾತ್ರಿಯ ಹೊತ್ತಿನಲ್ಲಿ, ಸಕ್ರಿಯನಾದವನು ಆರೋಗ್ಯವಾಗಿರುವಾಗಲೇ, ಬೇಕೆಂದು ಕೈ ಬದಲಿಸಿ ನೋಡುತ್ತಾರೆ. ತಪ್ಪಿದರೆ ತಿದ್ದಲು ಹಳಬನು ಪಕ್ಕದಲ್ಲಿಯೇ ಇರುತ್ತಾನೆ.

ತೆಂಕುತಿಟ್ಟಿನ ರಂಗಸ್ಥಳ ಇದನ್ನು ಬಲ್ಲದು. ಪಾರ್ತಿಸುಬ್ಬನ ಈ ಕುಂಬಳೆ ಸೀಮೆಯಲ್ಲಿ ಇದಕ್ಕೆ ಹೊರಗಿನ ಉದಾಹರಣೆ ಬೇಕೆ? ಪೂರ್ವರಂಗವನ್ನು ಹಾಡುವವರು ಎಳೆಯ ಭಾಗವತರು. ರಾತ್ರಿ ಏರಿದಂತೆ ಹಿರಿಯರು ಬಂದು ಕೂರುತ್ತಾರೆ. ಜಾಗಟೆ ಕೈಯಿಂದ ಕೈಗೆ ಹೋಗುತ್ತದೆ, ಚೆಂಡೆ ನಿಲ್ಲುವುದಿಲ್ಲ, ವೇಷಧಾರಿಯ ಹೆಜ್ಜೆಯೂ ತಪ್ಪುವುದಿಲ್ಲ. ತಲೆ ಬದಲಾಗುವಾಗಲೂ ಕೈಗಳು ದುಡಿಯುತ್ತಿರಬೇಕೆಂದು ರೌಟರ್ ಕಟ್ಟಿದವರು ಕಂಡುಕೊಂಡ ತತ್ತ್ವ ಇದೇ ಅಲ್ಲವೆ? ಎಳೆಯವನು ಹಾಡುವುದು ಹಿರಿಯನು ಸತ್ತ ಮೇಲಲ್ಲ. ಅವರು ಚೌಕಿಯಲ್ಲಿ ಕುಳಿತು ಕೇಳುತ್ತಿರುವಾಗಲೇ.

ನೆರೆಯವರ ಪಾತ್ರವನ್ನೂ ಮರೆಯಬಾರದು. 2007ರಲ್ಲಿ ಬಿಜಿಪಿಗೆ ಸೇರಿಸಿದ ಒಂದು ನಿಯಮ ನಮಗೆ ಬಹು ಮೆಚ್ಚಿನದು. ಒಂದು ರೌಟರಿನ ತಲೆ ಬದಲಾಗುತ್ತಿರುವಾಗ ಮಾತು ಕಡಿದುಹೋದರೂ, ಮೊದಲೇ ಒಪ್ಪಂದವಾಗಿದ್ದಲ್ಲಿ, ನೆರೆಯವನು ‘ಇವನು ಸತ್ತ’ ಎಂದು ಊರಿಗೆಲ್ಲ ಸಾರುವುದಿಲ್ಲ. ಅವನು ಹಿಂದೆ ಹೇಳಿದ ದಾರಿಗಳನ್ನು ಹಳೆಯವೆಂದು ಗುರುತು ಹಾಕಿ, ಸ್ವಲ್ಪ ಕಾಲ, ಸಾಮಾನ್ಯವಾಗಿ 120 ಸೆಕೆಂಡು, ಅವನ್ನೇ ನಂಬಿ ನಡೆಯುತ್ತಾನೆ. ಎದ್ದು ಬಂದರೆ ಯಾರಿಗೂ ತಿಳಿಯದಂತೆ ಎಲ್ಲ ಸರಿಹೋಗುತ್ತದೆ. ಬಾರದಿದ್ದರೆ ಮಾತ್ರ ಆ ದಾರಿಗಳನ್ನು ಅಳಿಸುತ್ತಾನೆ. ಈ ಸೈರಣೆಗೆ ಮಿತಿಯಿದೆ, ಮಿತಿಯಿರುವುದರಿಂದಲೇ ಅದು ಮೂರ್ಖತನವಲ್ಲ. ಸಪ್ತಭಾಷೆಗಳ ಈ ನೆಲದಲ್ಲಿ ಕನ್ನಡ ಎಡವಿದಾಗ ತುಳುವಿನವರೂ ಮಲಯಾಳದವರೂ ಕೊಂಕಣಿಯವರೂ ಅನೇಕ ಸಲ ಹೀಗೆ ಸೈರಿಸಿ ನಿಂತಿದ್ದಾರೆ. ಅದನ್ನು ಕೃತಜ್ಞತೆಯಿಂದ ಹೇಳಬೇಕು. ಅವರ ಸೈರಣೆಯ ಕಾಲದಲ್ಲಿ ಎದ್ದೇಳುವ ಹೊಣೆ ನಮ್ಮದು.

ಮಂಜೇಶ್ವರದ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿ ಆಗ ಏಳು ವರ್ಷವೂ ತುಂಬಿರಲಿಲ್ಲ. ಆ ಬಳಿಕ ಅರ್ಧ ಶತಮಾನ ಈ ನೆಲದ ದನಿಯಾಗಿ ನಿಂತವರು ಕಯ್ಯಾರ ಕಿಞ್ಞಣ್ಣ ರೈಗಳು. ಬಹುಭಾಷಾ ಪಂಡಿತರೂ ಸಂಶೋಧಕರೂ ಆಗಿದ್ದ ಪೈಗಳೆಲ್ಲಿ, ಅಧ್ಯಾಪಕರೂ ಕೃಷಿಕರೂ ಹೋರಾಟಗಾರರೂ ಆದ ರೈಗಳೆಲ್ಲಿ? ಒಬ್ಬರು ಇನ್ನೊಬ್ಬರ ತದ್ರೂಪಲ್ಲ. ಪಟ್ಟಿ ಮಾತ್ರ ಒಂದೇ. 2015ರಲ್ಲಿ, ನೂರು ತುಂಬಿದ ವರ್ಷದಲ್ಲಿ, ರೈಗಳೂ ಹೋದರು.

ವಿಆರ್‌ಆರ್‌ಪಿಯ ನಿಯಮಾವಳಿಯಲ್ಲಿ ಒಂದು ಸಣ್ಣ ವಿಧಿಯಿದೆ. ನಡೆಸುತ್ತಿರುವವನು ಬಿದ್ದರೆ ಉಳಿದವರು ಮೂರು ಮಿಡಿತಗಳ ಕಾಲ ಕಾದು, ಆಮೇಲೆ ಮುಂದೆ ಬರುತ್ತಾರೆ. ಆದರೆ ನಡೆಸುತ್ತಿರುವವನು ತಾನಾಗಿಯೇ ಇಳಿಯಲು ಮನಸ್ಸು ಮಾಡಿದರೆ, ಹೋಗುವ ಮುನ್ನ ಒಂದು ಕೊನೆಯ ಸಂದೇಶವನ್ನು ಕಳುಹಿಸಬೇಕು. ಅದರಲ್ಲಿ ತನ್ನ ಹಿರಿತನದ ಅಂಕವನ್ನು ಸೊನ್ನೆಯೆಂದು ಬರೆಯಬೇಕು. ಆ ಸೊನ್ನೆಯನ್ನು ಕಂಡೊಡನೆ ಎರಡನೆಯವನು ಮೂರು ಮಿಡಿತ ಕಾಯದೆ, ಒಂದು ಸೆಕೆಂಡೂ ಕಳೆಯುವ ಮುನ್ನ ಮುಂದೆ ಬರುತ್ತಾನೆ. ನಮ್ಮ ಸಂಘಗಳ ಮಹಾಸಭೆಯಲ್ಲಿ ಪದಾಧಿಕಾರಿಗಳ ಆಯ್ಕೆಯ ವಿಷಯ ಬಂದಾಗ ‘ನೀವೇ ಇನ್ನೊಂದು ಅವಧಿ ಮುಂದುವರಿಯಿರಿ’ ಎಂಬ ಮಾತು ಕೇಳಿಸುತ್ತದೆ, ಪ್ರೀತಿಯಿಂದಲೇ. ಹಿಂದಿನ ಸಾಲಿನಲ್ಲಿ ಮೂವತ್ತರ ಹರೆಯದವರು ಇಬ್ಬರೋ ಮೂವರೋ ಕುಳಿತಿರುತ್ತಾರೆ. ಚಹಾ ಹಂಚುವ, ಬ್ಯಾನರು ಕಟ್ಟುವ, ಮೈಕು ಸರಿಮಾಡುವ ಕೆಲಸಗಳು ಅವರವು. ಬ್ಯಾಂಕಿನ ಪಾಸ್‌ಬುಕ್ಕು ಎಲ್ಲಿದೆ, ಹಳೆಯ ನಡಾವಳಿ ಪುಸ್ತಕ ಯಾರ ಮನೆಯ ಕಪಾಟಿನಲ್ಲಿದೆ, ಗ್ರಂಥಾಲಯದ ಅನುದಾನಕ್ಕೆ ಅರ್ಜಿಯನ್ನು ಯಾವ ಕಚೇರಿಗೆ ಯಾವ ತಿಂಗಳು ಕೊಡಬೇಕು ಎಂಬುದನ್ನು ಈ ವರ್ಷ ಅವರಲ್ಲಿ ಯಾರಿಗಾದರೂ ಹೇಳಿದ್ದೇವೆಯೆ?